ಅಗ್ಗದ ಸೆಮಿ ಆಟೋಮ್ಯಾಟಿಕ್ ರೈಫಲ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ರೈಫಲ್ ಶೂಟಿಂಗ್ ಆಡುವವರು ಕಡಿಮೆ. ಆದರೆ ಮೊಬೈಲಿನಲ್ಲಿ ಅಮೆರಿಕದ ಬಂದೂಕಿನ ವಿಡಿಯೋ ನೋಡುವವರಿಗೇನೂ ಬರ ಇಲ್ಲ. ನಾನು ಎನ್‌ಸಿಸಿಯಲ್ಲಿ ಕಲಿತು, ಆಮೇಲೆ ಕ್ಲಬ್ ಸೇರಿ .22 (ಇಂಚಿನ ಲೆಕ್ಕದಲ್ಲಿ ನಳಿಗೆಯ ಅಳತೆ) ಬೋಲ್ಟ್ ರೈಫಲ್ ಹೊಡೆಯುವವನು. ಅದು ಗೊತ್ತಾದ ಮೇಲೆ ಮದುವೆ ಮನೆಯಲ್ಲೂ ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿಯಲ್ಲೂ ಇವೇ ಪ್ರಶ್ನೆ. ಜೊತೆಗೆ ನನ್ನ ಸೋದರಮಾವನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಗ್ರೀನ್ ಕಾರ್ಡ್ ಇದೆ, ಮನೆಯಲ್ಲಿ ರುಗರ್ 10/22 ಇದೆ. ಅವನ ಪಕ್ಕದ ಮನೆಯ ಹಿರಿಯರು ಮಾರ್ಲಿನ್ ಬಿಟ್ಟು ಬೇರೆ ಬಂದೂಕು ಮುಟ್ಟುವವರಲ್ಲ. ಅವರಿಬ್ಬರ ಜಗಳದ ಪಂಚಾಯಿತಿ ಫೋನಿನಲ್ಲಿ ನನ್ನ ಹತ್ತಿರ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ.

ಯಾವ ರೈಫಲ್ ಬಗ್ಗೆ ಇಷ್ಟೆಲ್ಲ ಮಾತು?

ಮುಖ್ಯವಾಗಿ ರುಗರ್ 10/22. ಅಮೆರಿಕದ ಸ್ಟರ್ಮ್ ರುಗರ್ ಕಂಪನಿ ಇದನ್ನು 1964ರಲ್ಲಿ ಹೊರತಂದಿತು. ಹಾಕುವುದು .22 ಲಾಂಗ್ ರೈಫಲ್ ತೋಟಾ, ತೋಟಾ ತುಂಬಿಡುವ ಮ್ಯಾಗಜಿನ್‌ನಲ್ಲಿ 10 ರೌಂಡ್ ಹಿಡಿಯುತ್ತದೆ. ಸಾಮಾನ್ಯ ಮಾದರಿಯ ನಳಿಗೆ ಹದಿನೆಂಟೂವರೆ ಇಂಚು, ತೂಕ ಎರಡೂಕಾಲು ಕಿಲೋ ಆಸುಪಾಸು. ಇಲ್ಲಿವರೆಗೆ 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಅಲ್ಲಿ ಅಂಗಡಿಯಲ್ಲಿ ಸಾದಾ ಮಾದರಿ ಸುಮಾರು 300 ಡಾಲರಿಗೆ ಸಿಗುತ್ತದೆ. ಅಲ್ಲಿಯವರ ಸಂಬಳಕ್ಕೆ ಅದು ಅಗ್ಗ.

ಇದಕ್ಕೆ ಎದುರಾಳಿ ಮಾರ್ಲಿನ್ ಮಾಡೆಲ್ 60. ಅದು 1960ರಿಂದ ಬಂತು, 10/22ಗಿಂತ ಇನ್ನೂ ಅಗ್ಗ ಇತ್ತು, ಒಂದು ಕೋಟಿಗೂ ಜಾಸ್ತಿ ಮಾರಾಟ ಆಯಿತು. ಇವೆರಡರ ಪಕ್ಕದಲ್ಲಿ ಸ್ಯಾವೇಜ್ 64, ಮಾಸ್‌ಬರ್ಗ್ 702, ಸ್ಮಿತ್ ಆಂಡ್ ವೆಸನ್ ಕಂಪನಿಯ 15-22 ಅಂತ ಇನ್ನೂ ಕೆಲವು ಇವೆ. ಆದರೆ ಜಗಳ ಆಗುವುದು ಹೆಚ್ಚಾಗಿ ಮೊದಲಿನ ಎರಡರ ಮೇಲೆ.

ಸೆಮಿ ಆಟೋ ಅಂದ್ರ ಎಕೆ-47 ಇದ್ದಂಗೇನ್ರಿ?

ಅಲ್ಲ ರೀ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಇನ್ನೊಂದು ಬೇಕಾದರೆ ಬೆರಳು ಬಿಟ್ಟು ಮತ್ತೆ ಎಳೆಯಬೇಕು. ನಾವು ಎನ್‌ಸಿಸಿಯಲ್ಲಿ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುತ್ತಿದ್ದೆವಲ್ಲ, ಆ ಕೆಲಸವನ್ನು ಇಲ್ಲಿ ಬಂದೂಕೇ ಮಾಡಿಕೊಳ್ಳುತ್ತದೆ. ಗುಂಡು ಮುಂದೆ ಹೋಗುವಾಗ ಖಾಲಿ ತೋಟಾ ಹಿಂದಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಬೋಲ್ಟ್ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದೆ ತಳ್ಳಿದಾಗ ಹೊಸ ತೋಟಾ ಎತ್ತಿಕೊಂಡು ಹೋಗುತ್ತದೆ. ಬೇರೆ ಯಾವ ಬೀಗವೂ ಇಲ್ಲ, ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಜಾಮ್ ಬಗ್ಗೆ ಹೇಳುವಾಗ ಬೇಕಾಗುತ್ತದೆ.

ಇದನ್ನು ಕಲಬುರಗಿಯಲ್ಲಿ ಕೊಳ್ಳಬಹುದಾ?

ಇಲ್ಲ. ನೀವು ಎಷ್ಟು ಸಲ ಕೇಳಿದರೂ ಇದೇ ಉತ್ತರ.

1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಎರಡನ್ನೂ ಸೇರಿಸಿ ಓದಿದರೆ ಸೆಮಿ ಆಟೋ ರೈಫಲ್ ನಿಷೇಧಿತ ವರ್ಗಕ್ಕೆ ಸೇರುತ್ತದೆ. ಡಿಸಿ ಆಫೀಸಿನಲ್ಲಿ ಅರ್ಜಿ ಹಾಕಿ ಪಡೆಯುವ ಸಾಮಾನ್ಯ ಲೈಸೆನ್ಸ್ ಮೇಲೆ ಅದು ಬರುವುದಿಲ್ಲ. ನಿಷೇಧಿತ ವರ್ಗದ ಲೈಸೆನ್ಸ್ ವಿಚಾರ ದೆಹಲಿಯ ಗೃಹ ಮಂತ್ರಾಲಯದ ಕೈಯಲ್ಲಿದೆ, ಅದು ನಿಮ್ಮ ನನ್ನಂಥವರ ಹವ್ಯಾಸಕ್ಕೆ ಸಿಗುವಂಥದ್ದಲ್ಲ. ಯಾರಾದರೂ "ನಾ ಕೊಡಸ್ತೀನಿ, ಗಡಿ ಆಚೆ ನಮ್ಮವರ ಅದಾರ" ಅಂದರೆ ಅಲ್ಲಿಂದ ಎದ್ದು ಬನ್ನಿ. 2019ರ ತಿದ್ದುಪಡಿ ಆದ ಮೇಲೆ ನಿಷೇಧಿತ ಬಂದೂಕು ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ 14 ವರ್ಷ ಜೈಲು.

ಮತ್ತೆ .32 ಪಿಸ್ತೂಲು ಹೇಗೆ ಸಿಗುತ್ತದೆ? ಅದೂ ಸೆಮಿ ಆಟೋ ಅಲ್ವಾ?

ಒಳ್ಳೆ ಪ್ರಶ್ನೆ. ಹೌದು, ಅದೂ ಸೆಮಿ ಆಟೋನೇ. ಆದರೆ ನಿಯಮದ ಪಟ್ಟಿಯಲ್ಲಿ ಪಿಸ್ತೂಲು, ರಿವಾಲ್ವರ್‌ಗಳಿಗೆ ಬೇರೆ ಸಾಲು ಇದೆ. ಸೆಮಿ ಆಟೋ ನಿಷೇಧದಿಂದ ಆ ಸಾಲನ್ನು ಹೊರಗಿಟ್ಟಿದ್ದಾರೆ. ಸೈನ್ಯ, ಪೊಲೀಸರು ಬಳಸುವ ತೋಟಾ ಹಿಡಿಸುವ ಪಿಸ್ತೂಲು ಮಾತ್ರ ಅಲ್ಲೂ ಆಗದು. ಅದಕ್ಕೇ ನಮ್ಮಲ್ಲಿ 9 ಎಂಎಂ ಬದಲು .32 ಇದೆ, .303 ಬದಲು .315 ಇದೆ. ಮಡಿಲಲ್ಲಿ ಮುಚ್ಚಿಡಬಹುದಾದ ಪಿಸ್ತೂಲಿಗೆ ದಾರಿ, ಮಕ್ಕಳು ಗುರಿ ಕಲಿಯುವ ಪುಟ್ಟ .22 ಸೆಮಿ ಆಟೋಗೆ ಬಾಗಿಲು ಬಂದ್. ನನಗೆ ಇದು ಸರಿ ಅನಿಸುವುದಿಲ್ಲ, ಆದರೆ ಕಾಯ್ದೆ ಕಾಯ್ದೆನೇ.

ಹೋಗಲಿ, ಈ ರೈಫಲ್ ಒಳ್ಳೆಯದಾ ಕೆಟ್ಟದ್ದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹಾಗೆ ಬೇರೆ ಬೇರೆ ಹೇಳಲೇಬೇಕು. ಯಾಕೆಂದರೆ ಎಲ್ಲರೂ ಒಂದೇ ಬಂದೂಕಿನ ಬಗ್ಗೆ ಮಾತಾಡುತ್ತಿಲ್ಲ. ಒಬ್ಬರ ಹತ್ತಿರ 1970ರ ದಶಕದ 10/22 ಇದೆ, ಅಪ್ಪನಿಂದ ಬಂದದ್ದು, ಟ್ರಿಗರ್ ಭಾಗಕ್ಕೆ ಲೋಹದ ಕವಚ. ಇನ್ನೊಬ್ಬರು ಹೋದ ವರ್ಷ ಸೂಪರ್ ಸ್ಟೋರಿನಲ್ಲಿ ಕೊಂಡದ್ದು, ಅದೇ ಜಾಗದಲ್ಲಿ ಪ್ಲಾಸ್ಟಿಕ್. ಮೂರನೆಯವರು ಹೆಸರಿಗೆ 10/22 ಅನ್ನುತ್ತಾರೆ, ಆದರೆ ನಳಿಗೆ, ಟ್ರಿಗರ್, ಭುಜಕ್ಕೆ ಒತ್ತಿ ಹಿಡಿಯುವ ಸ್ಟಾಕ್ ಎಲ್ಲ ಬದಲಾಯಿಸಿ ಸಾವಿರ ಡಾಲರ್ ಮೇಲೆ ಸುರಿದಿದ್ದಾರೆ. ಇವರು ಮೂವರೂ ಕೂತು "10/22 ಹೇಗಿದೆ" ಅಂತ ವಾದ ಮಾಡಿದರೆ ಅದು ಮುಗಿಯುವುದೆಂತು?

ಹಾಗಾಗಿ ಯಾರಾದರೂ ಛಲೋ ಅದ ಅಂದರೂ, ಬರೋಬರ್ ಇಲ್ಲ ಅಂದರೂ ನಾನು ಮೊದಲು ಕೇಳುವುದು ಇಷ್ಟು: ಯಾವ ವರ್ಷದ್ದು, ಯಾವ ತೋಟಾ ಹಾಕಿದಿರಿ, ಯಾತಕ್ಕೆ ಬಳಸಿದಿರಿ? ಡಬ್ಬಿ ಹೊಡೆಯುವವನಿಗೆ ಬೇಕಾದದ್ದು ಬೇರೆ, ಟಾರ್ಗೆಟ್ ಹಾಳೆಯಲ್ಲಿ ಒಂದೇ ತೂತು ಮಾಡಬೇಕು ಅನ್ನುವವನಿಗೆ ಬೇಕಾದದ್ದು ಬೇರೆ, ತೋಟದಲ್ಲಿ ಅಳಿಲು ಮೊಲ ಹೊಡೆಯುವ ಅಮೆರಿಕದ ರೈತನಿಗೆ ಬೇಕಾದದ್ದು ಇನ್ನೂ ಬೇರೆ. ಮೂರೂ ಕೇಳಿದ ಮೇಲೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಉಳಿದ ಅರ್ಧ ನಿಜವಾದದ್ದು, ಅದನ್ನು ಕೆಳಗೆ ಒಂದೊಂದಾಗಿ ಹೇಳುತ್ತೇನೆ.

ಜಾಮ್ ಆಗುತ್ತದೆ ಅಂತಾರಲ್ಲ?

ಅತಿ ಹೆಚ್ಚು ಜಗಳ ಇದರ ಮೇಲೆಯೇ. ಒಂದು ಗುಂಪು "ಹತ್ತು ವರ್ಷದಿಂದ ಒಂದು ಸಲವೂ ಸಿಕ್ಕಿಕೊಂಡಿಲ್ಲ" ಅನ್ನುತ್ತದೆ. ಇನ್ನೊಂದು ಗುಂಪು "ಪ್ರತಿ ಮ್ಯಾಗಜಿನ್‌ನಲ್ಲೂ ಒಂದು ಸಿಕ್ಕಿಕೊಳ್ಳುತ್ತದೆ" ಅನ್ನುತ್ತದೆ. ಎರಡೂ ಸುಳ್ಳಲ್ಲ.

ಮೊದಲ ಕಾರಣ ತೋಟಾ. .22 ಲಾಂಗ್ ರೈಫಲ್ 1887ರ ವಿನ್ಯಾಸ. ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ ಸೀಸ. ಮದ್ದಿನ ಪ್ರಮಾಣ ತೀರಾ ಕಡಿಮೆ. ಬೋಲ್ಟ್ ಪೂರ್ತಿ ಹಿಂದೆ ಹೋಗಬೇಕಾದರೆ ಅಷ್ಟಾದರೂ ಒತ್ತು ಬೇಕಲ್ಲ? ಸೆಕೆಂಡಿಗೆ 1,200 ಅಡಿಗಿಂತ ಹೆಚ್ಚು ವೇಗದ ತೋಟಾ ಹಾಕಿದರೆ ಬೋಲ್ಟ್ ಸಲೀಸಾಗಿ ಓಡುತ್ತದೆ. ಸದ್ದು ಕಡಿಮೆ ಅಂತ ನಿಧಾನದ ತೋಟಾ ಹಾಕಿದರೆ ಬೋಲ್ಟ್ ಅರ್ಧಕ್ಕೇ ಹೋಗಿ ವಾಪಸ್ ಬರುತ್ತದೆ, ಖಾಲಿ ತೋಟಾ ಬಾಗಿಲಲ್ಲೇ ನೆಟ್ಟಗೆ ನಿಂತುಬಿಡುತ್ತದೆ. ನಮ್ಮ ಮಾವನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈದದ್ದು ಇದಕ್ಕೇ. ತೋಟಾ ಬದಲಾಯಿಸಿದ, ಸರಿಹೋಯಿತು.

ಎರಡನೆಯ ಕಾರಣ ಮಸಿ. .22 ತೋಟಾದಲ್ಲಿ ಕಿಡಿ ಹತ್ತುವ ರಾಸಾಯನಿಕ ನಡುವೆ ಇರುವುದಿಲ್ಲ, ಅಂಚಿನ ಮಡಿಕೆಯೊಳಗೆ ಸುತ್ತ ಇರುತ್ತದೆ. ಸೀಸದ ಗುಂಡಿಗೆ ಮೇಣ ಸವರಿರುತ್ತಾರೆ. ಸುಟ್ಟ ಮದ್ದು, ಮೇಣ, ಸೀಸದ ಪುಡಿ ಎಲ್ಲ ಸೇರಿ ಒಳಗೆ ಕಪ್ಪು ಅಂಟು ಆಗುತ್ತದೆ. ಬೋಲ್ಟ್ ರೈಫಲ್‌ನಲ್ಲಿ ಅದನ್ನು ನಮ್ಮ ಕೈಯ ಬಲ ದಾಟಿಸುತ್ತದೆ. ಸೆಮಿ ಆಟೋದಲ್ಲಿ ಆ ಬಲ ಇಲ್ಲ.

ಮೂರನೆಯದು ಮ್ಯಾಗಜಿನ್. ಕಂಪನಿಯದೇ 10 ರೌಂಡಿನ ದುಂಡನೆ ಮ್ಯಾಗಜಿನ್‌ನಲ್ಲಿ ತೋಟಾಗಳು ಚಕ್ರದ ಹಲ್ಲಿನ ನಡುವೆ ಒಂದೊಂದಾಗಿ ಕೂರುತ್ತವೆ, ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವುದಿಲ್ಲ. 10/22 ಇಷ್ಟು ವರ್ಷ ಬಾಳಿದ್ದಕ್ಕೆ ಆ ಮ್ಯಾಗಜಿನ್ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ದೂರು ಜಾಸ್ತಿ ಬರುವುದು ಬೇರೆಯವರು ಮಾಡಿದ ಉದ್ದನೆಯ ಅಗ್ಗದ ಪ್ಲಾಸ್ಟಿಕ್ ಮ್ಯಾಗಜಿನ್‌ಗಳಿಂದ. ಅದನ್ನು ಹಾಕಿ ರೈಫಲ್‌ಗೆ ಬೈಯುವುದು ನ್ಯಾಯ ಅಲ್ಲ.

ಟ್ರಿಗರ್ ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ನಿಜಾನಾ?

ನಿಜ. ಕಾರ್ಖಾನೆಯಿಂದ ಬಂದ 10/22ರ ಟ್ರಿಗರ್ ಎಳೆಯಲು ಸುಮಾರು 6 ಪೌಂಡ್ ಬಲ ಬೇಕು. ಇಡೀ ರೈಫಲ್ ತೂಗುವುದೇ 5 ಪೌಂಡ್ ಚಿಲ್ಲರೆ. ಬೆರಳು ಎಳೆಯುವಾಗ ನಳಿಗೆ ಅಲ್ಲಾಡದೆ ಇರುತ್ತದಾ? ಇದರಲ್ಲಿ ಭಿನ್ನಾಭಿಪ್ರಾಯ ಇರುವುದು ಗಟ್ಟಿಯೋ ಅಲ್ಲವೋ ಅನ್ನುವುದರಲ್ಲಿ ಅಲ್ಲ, ಅದಕ್ಕೆ ದುಡ್ಡು ಹಾಕಬೇಕಾ ಅನ್ನುವುದರಲ್ಲಿ. ಕಂಪನಿಯೇ ಹಗುರ ಟ್ರಿಗರ್ ಬೇರೆಯಾಗಿ ಮಾರುತ್ತದೆ, ಅದು 3 ಪೌಂಡಿಗಿಂತ ಕಡಿಮೆ. "ಅದನ್ನು ಮೊದಲೇ ಹಾಕಿ ಕೊಡೋಕೆ ಏನು ಕಷ್ಟ" ಅನ್ನುವವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಹೊಸದಾಗಿ ಕಲಿಯುವ ಹುಡುಗನ ಕೈಗೆ ಗಟ್ಟಿ ಟ್ರಿಗರ್ ಇರುವುದೇ ಸುರಕ್ಷಿತ ಅನ್ನುವ ಅಪ್ಪಂದಿರೂ ಇದ್ದಾರೆ, ಅವರದೂ ತಪ್ಪಲ್ಲ.

ಮಾರ್ಲಿನ್ 60 ಇದಕ್ಕಿಂತ ಚೆನ್ನ ಅಂತ ಹಳಬರು ಯಾಕೆ ಹಟ ಹಿಡೀತಾರೆ?

ಗುರಿಗಾಗಿ. ಪೆಟ್ಟಿಗೆಯಿಂದ ತೆಗೆದ ಹಾಗೇ ಎರಡನ್ನೂ 50 ಗಜಕ್ಕೆ ಹೊಡೆದರೆ ಮಾರ್ಲಿನ್ ಗ್ರೂಪಿಂಗ್ ಚಿಕ್ಕದು ಬರುತ್ತದೆ, ಅಂದರೆ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆ ಅಂತ ಬಹಳ ಜನ ಹೇಳುತ್ತಾರೆ. ಮಾರ್ಲಿನ್ ನಳಿಗೆಯೊಳಗೆ 16 ಸಣ್ಣ ಗೀರುಗಳಿವೆ, ಸೀಸದ ಗುಂಡಿಗೆ ಅದು ಒಗ್ಗುತ್ತದೆ ಅನ್ನುವುದು ಅವರ ವಾದ. ಗುಂಡು ಮುಗಿದಾಗ ಮಾರ್ಲಿನ್‌ನ ಬೋಲ್ಟ್ ತಾನೇ ಹಿಂದೆ ನಿಲ್ಲುತ್ತದೆ, 1980ರ ದಶಕದಿಂದಲೇ ಆ ಅನುಕೂಲ ಇದೆ. ಸಾದಾ 10/22ರಲ್ಲಿ ಅದಿಲ್ಲ. ಖಾಲಿ ಬಂದೂಕಿನ ಟ್ರಿಗರ್ ಟಕ್ ಅಂದಾಗಲೇ ಗೊತ್ತಾಗುವುದು. ಇದು ಸಣ್ಣ ವಿಷಯ ಅಂತ ಹಲವರು ತಳ್ಳಿಹಾಕುತ್ತಾರೆ, ನನಗಂತೂ ಅಲ್ಲ. ರೇಂಜಿನಲ್ಲಿ ಬೋಲ್ಟ್ ತೆರೆದಿದೆ ಅಂದರೆ ಪಕ್ಕದವನಿಗೂ ಧೈರ್ಯ.

ಇನ್ನೊಂದು ಕಡೆ ನೋಡಿ. ಮಾರ್ಲಿನ್‌ನಲ್ಲಿ ತೋಟಾ ತುಂಬುವುದು ನಳಿಗೆಯ ಕೆಳಗಿನ ಉದ್ದ ಕೊಳವೆಗೆ. ಒಳಗಿನ ಸರಳು ಮೇಲೆ ಎಳೆದು ಒಂದೊಂದೇ ಹಾಕಬೇಕು, ಇತ್ತೀಚಿನ ಮಾದರಿಗಳಲ್ಲಿ 14 ಹಿಡಿಯುತ್ತದೆ. ಹಾಕುವಾಗ ಕೈ ನಳಿಗೆಯ ಬಾಯಿ ಹತ್ತಿರವೇ ಆಡುತ್ತಿರುತ್ತದೆ. ಖಾಲಿ ಮಾಡುವುದೂ ತಡ. ಕೊಳವೆಯಲ್ಲಿ ಒಂದು ತೋಟಾ ಉಳಿದುಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ. 10/22ರಲ್ಲಿ ಮ್ಯಾಗಜಿನ್ ತೆಗೆದು ಬೋಲ್ಟ್ ಎಳೆದು ನೋಡಿದರೆ ಮುಗಿಯಿತು. ಮನೆಯಲ್ಲಿ ಮಕ್ಕಳಿದ್ದರೆ ನಾನು ಇದಕ್ಕೇ ಓಟು ಹಾಕುತ್ತೇನೆ. ಮಾರ್ಲಿನ್‌ನ ಹಿಂಭಾಗದಲ್ಲಿ ಬೋಲ್ಟಿನ ಹೊಡೆತ ತಡೆಯುವ ಪ್ಲಾಸ್ಟಿಕ್ ಬಫರ್ ವರ್ಷ ಕಳೆದಂತೆ ಪುಡಿಯಾಗುವುದೂ ಹಳೇ ಕಥೆ. ಅದು ಅಗ್ಗದ ಭಾಗ, ಬದಲಾಯಿಸಬಹುದು, ಆದರೆ ನೋಡದೆ ಬಿಟ್ಟರೆ ಒಳಗೆ ಹಾಳಾಗುತ್ತದೆ.

ಈ ಜಗಳದಲ್ಲಿ ಒಂದು ತಮಾಷೆ ಇದೆ. ಮಾರ್ಲಿನ್ ಕಂಪನಿಯನ್ನು 2007ರ ಕೊನೆಗೆ ರೆಮಿಂಗ್ಟನ್ ಕೊಳ್ಳಲು ಮುಂದಾಯಿತು. ಆಮೇಲೆ ಬಂದ ಮಾರ್ಲಿನ್‌ಗಳ ಗುಣಮಟ್ಟ ಇಳಿಯಿತು ಅಂತ ಹಳೇ ಅಭಿಮಾನಿಗಳು ಈಗಲೂ ಗೊಣಗುತ್ತಾರೆ. 2020ರಲ್ಲಿ ರೆಮಿಂಗ್ಟನ್ ದಿವಾಳಿ ಆಯಿತು, ಮಾರ್ಲಿನ್ ಹರಾಜಿಗೆ ಬಂತು. ಕೊಂಡವರು ಯಾರು? ರುಗರ್! ಮಾಡೆಲ್ 60ರ ತಯಾರಿಕೆ ಅಲ್ಲಿಗೆ ನಿಂತಿತು. ಹಾಗಾಗಿ ಮಾರ್ಲಿನ್ ಪರ ವಾದ ಮಾಡುವವರು ಈಗ ಹಳೇ ಮಾಲಿನ ಪರವೇ ವಾದ ಮಾಡಬೇಕು, ಅದೂ ಯಾವ ವರ್ಷದ್ದು ಅಂತ ನೋಡಿಕೊಂಡು.

ಪ್ಲಾಸ್ಟಿಕ್ ಭಾಗ ಹಾಕಿ ಕೆಡಿಸಿದರು ಅನ್ನೋದು?

2008ರ ಸುಮಾರಿಗೆ ಟ್ರಿಗರ್ ಕವಚ ಅಲ್ಯೂಮಿನಿಯಂನಿಂದ ಪಾಲಿಮರ್‌ಗೆ ಬದಲಾಯಿತು. ನೋಡಲು ಕಳೆ ಇಲ್ಲ, ಒಪ್ಪುತ್ತೇನೆ. ಕೆಲಸದಲ್ಲಿ ವ್ಯತ್ಯಾಸ ಇಲ್ಲ. ಹಳೇ ಲೋಹದ್ದಾದರೆ ಬಣ್ಣ ಕಿತ್ತು ಬರುತ್ತದೆ, ಇದು ಬರುವುದಿಲ್ಲ ಅಷ್ಟೇ. ಈ ದೂರು ಹೆಚ್ಚಾಗಿ ಕಣ್ಣಿನದು, ಕೈಯದಲ್ಲ.

ಅಗ್ಗ ಅಂತ ತಗೊಂಡು ಆಮೇಲೆ ಖರ್ಚು ಮಾಡ್ತಾನೇ ಇರಬೇಕು ಅಂತಾರೆ?

ಇರಬೇಕು ಅಂತೇನಿಲ್ಲ. ಕೈ ಸುಮ್ನೆ ಇರುವುದಿಲ್ಲ, ಅದೇ ತೊಂದರೆ. 10/22 ಆ ದೇಶದಲ್ಲಿ ನಮ್ಮ ಸ್ಪ್ಲೆಂಡರ್ ಬೈಕ್ ಇದ್ದ ಹಾಗೆ. ಯಾವ ಊರಿಗೆ ಹೋದರೂ ಸಾಮಾನು ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ಜೋಡಿಸುತ್ತಾರೆ. ನಳಿಗೆಯನ್ನು ಹಿಡಿದಿರುವುದು ಎರಡು ಸ್ಕ್ರೂ. ಬೇರೆ ರೈಫಲ್‌ಗಳಲ್ಲಿ ನಳಿಗೆ ಬದಲಾಯಿಸಲು ವರ್ಕ್‌ಶಾಪಿಗೆ ಹೋಗಬೇಕು, ಇದರಲ್ಲಿ ಮನೆಯ ಮೇಜಿನ ಮೇಲೇ ಆಗುತ್ತದೆ. 2012ರಲ್ಲಿ ಬಂದ ಒಂದು ಮಾದರಿಯನ್ನಂತೂ ಎರಡು ತುಂಡು ಮಾಡಿ ಚೀಲದಲ್ಲೇ ಇಟ್ಟುಕೊಳ್ಳಬಹುದು. ಹೀಗಾಗಿ ಮೊದಲು ಟ್ರಿಗರ್, ಆಮೇಲೆ ದಪ್ಪ ನಳಿಗೆ, ಆಮೇಲೆ ಸ್ಟಾಕ್, ಕೊನೆಗೆ ದುರ್ಬೀನು. ಲೆಕ್ಕ ಹಾಕಿದರೆ ಮೊದಲೇ ಒಂದು ಒಳ್ಳೆ ಬೋಲ್ಟ್ ರೈಫಲ್ ಬಂದಿರುತ್ತಿತ್ತು.

ಇದನ್ನು ದೋಷ ಅನ್ನುವವರು ಇದ್ದಾರೆ, ಗುಣ ಅನ್ನುವವರೂ ಇದ್ದಾರೆ. ನಾನು ಎರಡನೆಯ ಗುಂಪು. ಐವತ್ತು ವರ್ಷದ ಹಿಂದಿನ ರೈಫಲ್‌ಗೆ ಇವತ್ತೂ ಹೊಸ ಭಾಗ ಸಿಗುತ್ತದೆ ಅಂದರೆ ಅದು ಅಗ್ಗದ ವಸ್ತು ಅಲ್ಲ ರೀ.

ಸೈನ್ಯದ ರೈಫಲ್ ತರಾ ಕಾಣುವ .22 ಬಗ್ಗೆ?

ಸ್ಮಿತ್ ಆಂಡ್ ವೆಸನ್ 15-22 ಅದು, 2009ರಿಂದ ಇದೆ. 25 ರೌಂಡಿನ ಮ್ಯಾಗಜಿನ್, ಹೆಚ್ಚಿನ ಭಾಗ ಪಾಲಿಮರ್, ಹಗುರ. ಬೆಲೆ 10/22ಗಿಂತ ಜಾಸ್ತಿ. ಹೊಡೆದವರು ಹೆಚ್ಚಾಗಿ ಹೊಗಳುತ್ತಾರೆ. ಇಲ್ಲಿನ ಹುಡುಗರು ಕೇಳುವುದು ಅದರ ಫೋಟೋ ನೋಡಿ. ಫೋಟೋ ನೋಡಿ ಬಂದೂಕು ಕೇಳುವವರಿಗೆ ನಾನು ಜಾಸ್ತಿ ಉತ್ತರ ಕೊಡುವುದಿಲ್ಲ.

ನಮ್ಮ ಹುಡುಗ ಅಮೆರಿಕಕ್ಕೆ ಹೋಗ್ಯಾನ. ಅವ ತಗೋಬಹುದೇನ್ರಿ?

ಯಾವ ವೀಸಾ ಅಂತ ಮೊದಲು ಹೇಳಿ. ಸ್ಟೂಡೆಂಟ್ ವೀಸಾ, ಎಚ್-1ಬಿ, ಟೂರಿಸ್ಟ್ ವೀಸಾದಲ್ಲಿ ಹೋದವರಿಗೆ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಆಗದು. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ಎನ್ನುವಂಥ ಕೆಲವು ವಿನಾಯಿತಿಗಳಿವೆ. ಗೆಳೆಯರ ಜೊತೆ ರೇಂಜಿಗೆ ಹೋಗಿ ಬಂದೂಕು ಹಿಡಿದ ಫೋಟೋ ಹಾಕುವ ಮುಂಚೆ ಇದನ್ನು ತಿಳಿದುಕೊಳ್ಳಲಿ. ವೀಸಾಕ್ಕೇ ಪೆಟ್ಟು ಬೀಳಬಹುದು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ ರೈಫಲ್ ಕೊಳ್ಳಲು ಕೇಂದ್ರ ಕಾನೂನಿನಲ್ಲಿ 18 ತುಂಬಿರಬೇಕು, ಕೆಲವು ರಾಜ್ಯಗಳಲ್ಲಿ ವಯಸ್ಸೂ ನಿಯಮವೂ ಇನ್ನೂ ಬಿಗಿ.

ಬರುವಾಗ ಸೂಟ್‌ಕೇಸಿನಲ್ಲಿ ತರಬಹುದಾ ಅಂತಲೂ ಕೇಳುತ್ತಾರೆ. ದಯವಿಟ್ಟು ಬೇಡ. ಹೈದರಾಬಾದ್ ವಿಮಾನ ನಿಲ್ದಾಣದಿಂದ ಸೀದಾ ಸ್ಟೇಷನ್ನಿಗೆ ಹೋಗಬೇಕಾಗುತ್ತದೆ.

ಬೇರೆ ದೇಶಗಳಲ್ಲಿ ಹೇಗೆ?

ಬ್ರಿಟನ್ ನೋಡಿ. 1988ರಲ್ಲಿ ಅಲ್ಲಿ ಸೆಮಿ ಆಟೋ ರೈಫಲ್‌ಗಳನ್ನು ನಿಷೇಧಿಸಿದರು, ಆದರೆ .22 ರಿಮ್‌ಫೈರ್ (ಅಂಚಿನಲ್ಲಿ ಕಿಡಿ ಹತ್ತುವ ತೋಟಾದ್ದು) ಮಾತ್ರ ಬಿಟ್ಟರು. ಹಾಗಾಗಿ ಸರ್ಟಿಫಿಕೇಟ್ ಇದ್ದರೆ 10/22 ಅಲ್ಲಿ ಇಟ್ಟುಕೊಳ್ಳಬಹುದು. ನ್ಯೂಜಿಲೆಂಡ್ 2019ರಲ್ಲಿ ನಿಷೇಧ ತಂದಾಗಲೂ 10 ರೌಂಡ್ ಮೀರದ .22 ಅನ್ನು ಹೊರಗಿಟ್ಟಿತು. ಆಸ್ಟ್ರೇಲಿಯಾ 1996ರ ನಂತರ .22 ಸೆಮಿ ಆಟೋವನ್ನೂ ಬಿಗಿ ಮಾಡಿತು, ರೈತರಂಥ ಕೆಲವರಿಗೆ ಮಾತ್ರ ಸಿಗುತ್ತದೆ. ಅಂದರೆ ಈ ಪುಟ್ಟ ರೈಫಲ್ ಬಗ್ಗೆ ಶೂಟರ್‌ಗಳಿಗಷ್ಟೇ ಅಲ್ಲ, ಸರ್ಕಾರಗಳಿಗೂ ಒಮ್ಮತ ಇಲ್ಲ.

ತೊಗರಿ ಹೊಲಕ್ಕೆ ಹಂದಿ ಬರ್ತಾವ. .22 ಇದ್ದರೆ ಆಗ್ತಿತ್ತಲ್ಲ?

ಆಗುತ್ತಿರಲಿಲ್ಲ. .22 ಹಂದಿಗೆ ಗಾಯ ಮಾಡುತ್ತದೆ, ಕೊಲ್ಲುವುದಿಲ್ಲ. ಗಾಯದ ಹಂದಿ ನಿಮ್ಮ ಆಳಿನ ಮೇಲೇ ಏರಿ ಬರುತ್ತದೆ. ಅದೂ ಅಲ್ಲದೆ ಯಾದಗಿರಿಯ ಚಪ್ಪಟೆ ಹೊಲದಲ್ಲಿ ಗುರಿ ತಪ್ಪಿದ .22 ಗುಂಡು ಒಂದೂವರೆ ಕಿಲೋಮೀಟರ್ ತನಕ ಹೋಗಬಲ್ಲದು. ಆಚೆ ಕಡೆ ಯಾರು ಕಳೆ ಕೀಳುತ್ತಿದ್ದಾರೋ ಯಾರಿಗೆ ಗೊತ್ತು?

ಬೆಳೆ ಕಾಯಲು ಅಂತ ಕಾಯ್ದೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ನಾಡ ಬಂದೂಕು, ಅದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯಬಹುದು ಅಂತಲೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ. ಬೀದರ್ ಕಡೆಯ ಹೊಲಗಳಲ್ಲಿ ಓಡಾಡುವ ಕೃಷ್ಣಮೃಗ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಹಂದಿ ಕಾಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಬೆಳೆ ಹಾನಿ ಪರಿಹಾರ ಕೇಳಿ. ನಿಧಾನ, ಗೊತ್ತು.

ಕಲಿಯೋಕೆ ಸೆಮಿ ಆಟೋ ಒಳ್ಳೇದಾ, ಬೋಲ್ಟ್ ಒಳ್ಳೇದಾ?

ಬೋಲ್ಟ್. ಇದರಲ್ಲಿ ನಾನು ಹಟಮಾರಿ. ಸೆಮಿ ಆಟೋ ಕೈಗೆ ಬಂದರೆ ಮೊದಲ ಗುಂಡು ತಪ್ಪಿದರೂ ಎರಡನೆಯದು ಇದೆಯಲ್ಲ ಅನ್ನುವ ಬುದ್ಧಿ ಬರುತ್ತದೆ. ತೋಟಾ ಮುಗಿಯುತ್ತದೆ, ಕಲಿಕೆ ಆಗಿರುವುದಿಲ್ಲ. ಬೋಲ್ಟ್ ಎಳೆಯುವಾಗ ಉಸಿರು ತಗೊಳ್ಳುತ್ತೀರಿ, ಹಿಂದಿನ ಗುಂಡು ಯಾಕೆ ಎಡಕ್ಕೆ ಹೋಯಿತು ಅಂತ ಯೋಚನೆ ಮಾಡುತ್ತೀರಿ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಕೂಡ .22, ಪ್ರತಿ ಗುಂಡೂ ಕೈಯಿಂದ ಹಾಕಿ ಹೊಡೆಯಬೇಕು. 2024ರ ಪ್ಯಾರಿಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಅದರಲ್ಲೇ. ಸೆಮಿ ಆಟೋ .22 ಬೇಕಾಗುವುದು 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿಗೆ. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಅದರಲ್ಲಿ ಬೆಳ್ಳಿ ತಂದರು.

ಇದಕ್ಕೆ ಉಲ್ಟಾ ಹೇಳುವವರ ಮಾತೂ ಕೇಳಿದ್ದೇನೆ. ಹತ್ತು ವರ್ಷದ ಮಗುವಿಗೆ ಬೋಲ್ಟ್ ಎಳೆಯುವಾಗ ರೈಫಲ್ ಭುಜದಿಂದ ಜಾರುತ್ತದೆ, ಡಬ್ಬಿ ಟಣ್ ಟಣ್ ಅಂದರೆ ಖುಷಿ ಬರುತ್ತದೆ, ಖುಷಿ ಬಂದರೆ ಆಟದಲ್ಲಿ ಉಳಿಯುತ್ತದೆ. ಇದು ನಮ್ಮ ಮಾವನ ಮಗನ ವಾದ. ಅವನ ಮಗಳು ಉಳಿದಿದ್ದಾಳೆ, ಹಾಗಾಗಿ ನಾನು ಜಾಸ್ತಿ ಮಾತಾಡಲಿಲ್ಲ.

ಹಾಗಾದರೆ ಇಲ್ಲಿ ನಾನು ಏನು ತಗೊಳ್ಳಲಿ?

ಏರ್ ರೈಫಲ್. 4.5 ಎಂಎಂ, ಅಂದರೆ .177, ಮತ್ತು 20 ಜೂಲ್ ಮೀರದ ಶಕ್ತಿ. ಇಷ್ಟರೊಳಗೆ ಇದ್ದರೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೊಟ್ಟು ಬಿಲ್ ಹಾಕಿಸಿಕೊಳ್ಳಿ, ಆ ಬಿಲ್ ಜೋಪಾನ ಮಾಡಿ. ಭಾರತದಲ್ಲೇ ತಯಾರಾದವು ಸಿಗುತ್ತವೆ. ಮನೆ ಹಿಂದೆ ಹತ್ತು ಮೀಟರ್ ಜಾಗ, ಗುಂಡು ತಡೆಯುವ ಗಟ್ಟಿ ಗೋಡೆ, ಅದರ ಮುಂದೆ ಹಳೇ ಬಟ್ಟೆ ತುಂಬಿದ ಪೆಟ್ಟಿಗೆ ಇದ್ದರೆ ಅಭ್ಯಾಸ ಶುರು. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಅದನ್ನು ಆಟದ ಸಾಮಾನು ಅನ್ನಬೇಡಿ. ಗಿಳಿ, ಪಾರಿವಾಳದ ಮೇಲೆ ಪ್ರಯೋಗ ಮಾಡುವವರು ನನ್ನ ಹತ್ತಿರ ಬರಲೇಬೇಡಿ.

ಮುಂದೆ .22 ಬೇಕು ಅನಿಸಿದರೆ ಮಾನ್ಯತೆ ಇರುವ ರೈಫಲ್ ಕ್ಲಬ್ ಸೇರಿ. ಕ್ಲಬ್ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ .22 ಲೈಸೆನ್ಸ್ ಕೊಡುವ ದಾರಿ 1959ರ ಕಾಯ್ದೆಯಲ್ಲೇ ಇದೆ. ಅದು ಬೋಲ್ಟ್ ರೈಫಲ್‌ಗೆ. ಬೀದರ್, ಯಾದಗಿರಿಯವರು ಡಿಸಿ ಆಫೀಸಿಗೆ ಹೋಗಬೇಕು. ಕಲಬುರಗಿ ನಗರದವರಿಗೆ ಪೊಲೀಸ್ ಕಮಿಷನರೇಟ್ ಇದೆ. ಲೈಸೆನ್ಸ್ 5 ವರ್ಷಕ್ಕೆ, ಸಾಮಾನ್ಯ ಜನರಿಗೆ ಹೆಚ್ಚೆಂದರೆ 2 ಬಂದೂಕು.

ನಮ್ಮ ಬಿಸಿಲು, ಧೂಳಿಗೆ ರೈಫಲ್ ತಡೀತದಾ?

ರೈಫಲ್ ತಡೆಯುತ್ತದೆ, ತೋಟಾದ ಮೇಣ ತಡೆಯುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಇರುವಾಗ ಕಾರಿನೊಳಗೆ ತೋಟಾ ಬಿಟ್ಟು ಹೋದರೆ ಗುಂಡಿಗೆ ಸವರಿದ ಮೇಣ ಮೆತ್ತಗಾಗಿ ಧೂಳು ಅಂಟುತ್ತದೆ, ಗ್ರೂಪಿಂಗ್ ಹೋಗುತ್ತದೆ. ಎಣ್ಣೆ ಜಾಸ್ತಿ ಹಾಕಬೇಡಿ. ಧೂಳಿನ ಊರಲ್ಲಿ ಎಣ್ಣೆ ಅಂದರೆ ಅರೆಯುವ ಪೇಸ್ಟ್.

ನಳಿಗೆ ಒರೆಸುವುದರಲ್ಲೂ ಎರಡು ಪಂಥ. ಪ್ರತಿ ಸಲ ಒರೆಸಬೇಕು ಅನ್ನುವವರು ಒಂದು ಕಡೆ. ಗುರಿ ಕೆಡುವ ತನಕ .22 ನಳಿಗೆ ಮುಟ್ಟಲೇಬೇಡಿ ಅನ್ನುವವರು ಇನ್ನೊಂದು ಕಡೆ. ಸಾದಾ 10/22ರಲ್ಲಿ ಹಿಂದಿನಿಂದ ಸರಳು ಹಾಕಲು ಜಾಗ ಇಲ್ಲ, ಬಾಯಿಯಿಂದಲೇ ಹಾಕಬೇಕು. ಒರಟಾಗಿ ಹಾಕಿದರೆ ಬಾಯಿಯ ಅಂಚು ಸವೆದು ಗುರಿಯೇ ಹಾಳು. ಆ ರೈಫಲ್‌ಗೆ ಎರಡನೆಯ ಪಂಥವೇ ಸರಿ. ನನ್ನ ಬೋಲ್ಟ್ ರೈಫಲ್ ಹಿಂದಿನಿಂದ ತೆರೆಯುತ್ತದೆ, ಮಳೆಗಾಲದಲ್ಲಿ ಪ್ರತಿ ಸಲ ಒರೆಸುತ್ತೇನೆ.

ಮದುವೆ, ಮೆರವಣಿಗೆಯಲ್ಲಿ ಗಾಳಿಗೆ ಒಂದು ಹಾರಿಸಿದರೆ?

2 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಇದ್ದರೂ ಅಷ್ಟೇ. ಮೇಲೆ ಹೋದ ಗುಂಡು ಕೆಳಗೆ ಬರುತ್ತದೆ.

ಎಲೆಕ್ಷನ್ ಬಂದಾಗ ಬಂದೂಕು ಸ್ಟೇಷನ್ನಿಗೆ ಒಪ್ಪಿಸಬೇಕು ಅಂತಾರೆ. ಶೂಟರ್‌ಗಳಿಗೂನಾ?

ನೋಟಿಸ್ ಬಂದರೆ ಹೌದು, ರಸೀದಿ ತಗೊಂಡು ಒಪ್ಪಿಸಿ. ಯಾರ ಬಂದೂಕು ಒಪ್ಪಿಸಬೇಕು ಅಂತ ನೋಡಲು ಜಿಲ್ಲೆಯಲ್ಲಿ ಸ್ಕ್ರೀನಿಂಗ್ ಕಮಿಟಿ ಇರುತ್ತದೆ. ರೈಫಲ್ ಅಸೋಸಿಯೇಷನ್ ಸದಸ್ಯರಾಗಿದ್ದು ಆ ಹೊತ್ತಿಗೆ ಪಂದ್ಯ ಇದ್ದರೆ ಸದಸ್ಯತ್ವದ ಕಾರ್ಡು, ಪಂದ್ಯದ ಪತ್ರ ಎರಡನ್ನೂ ಲಗತ್ತಿಸಿ ವಿನಾಯಿತಿಗೆ ಅರ್ಜಿ ಕೊಡಿ. ಚುನಾವಣೆ ಘೋಷಣೆ ಆದ ವಾರದಲ್ಲೇ ಕೊಡಿ. ಪಂದ್ಯಕ್ಕೆ ಎರಡು ದಿನ ಇರುವಾಗ ಓಡಿಹೋದರೆ ಸಹಿ ಹಾಕುವವರು ಬಂದೋಬಸ್ತ್‌ನಲ್ಲಿ ಇರುತ್ತಾರೆ.